ಹಿಮದೂರಿನ ಚಕ್ರಗಳು

ಕಡಲಾಚೆಯ ಪುಚೊಂಗ್‌ನಲ್ಲಿ ಕನ್ನಡ ಮಾತಾಡುವ ಯಾವ ಮನೆಗೂ ಎಡ್ವರ್ಡ್ ಸಿಕ್ವೇರಾನನ್ನು ಕೇಳದೆ ಒಂದು ಫ್ಯಾನು ಕೂಡ ಬರುತ್ತಿರಲಿಲ್ಲ. ವಾಷಿಂಗ್ ಮೆಷಿನ್ ಎಲ್ಲಿ ಕೊಳ್ಳಬೇಕು, ಮಗುವನ್ನು ಯಾವ ಶಾಲೆಗೆ ಹಾಕಬೇಕು, ತಮಿಳು ಮುಸಲ್ಮಾನರ ಯಾವ ಮಾಮಕ್ ಹೋಟೆಲಿನ ರೊಟ್ಟಿ ಹೊಟ್ಟೆ ಕೆಡಿಸುವುದಿಲ್ಲ, ಎಲ್ಲಕ್ಕೂ ಅವನ ಹತ್ತಿರ ಉತ್ತರ ಇತ್ತು. ಗೊತ್ತಿಲ್ಲ ಎಂಬ ಮಾತು ಅವನ ಬಾಯಿಂದ ಬಂದದ್ದನ್ನು ಕೇಳಿದವರಿಲ್ಲ. ಮಂಗಳೂರಿನ ಬಿಜೈಯವನು, ಬಾಂಗ್ಸಾರ್‌ನಲ್ಲಿ ಹಡಗು ಸಾಗಣೆಯ ಒಂದು ಕಂಪನಿಯಲ್ಲಿ ಕೆಲಸ. ಕೆಲಸ ಹಡಗಿನದ್ದಾದರೂ ಜೀವವೆಲ್ಲ ಕಾರಿನಲ್ಲಿತ್ತು. ಭಾನುವಾರ ಇಗರ್ಜಿಯಿಂದ ಬಂದವನೇ ಲುಂಗಿ ಉಟ್ಟು ಯಾರದ್ದಾದರೂ ಕಾರಿನ ಬಾನೆಟ್ಟಿನೊಳಗೆ ತಲೆ ಹಾಕಿ ನಿಲ್ಲುತ್ತಿದ್ದ. ಊರಿಗೆ ಉಪಕಾರ ಮಾಡಬೇಡ, ಹೆಣಕ್ಕೆ ಶೃಂಗಾರ ಮಾಡಬೇಡ ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಆದರೆ ಉಪಕಾರದ ಚಟ ಹತ್ತಿದವನಿಗೆ ಗಾದೆ ಹೇಳಿ ಏನು ಪ್ರಯೋಜನ? ಅದೂ ಸಾರಾಯಿಯಂಥದೇ ಚಟ, ಹೊಗಳಿಕೆ ಸಿಗದ ದಿನ ಕೈ ನಡುಗುತ್ತದೆ.

ಅಲ್ಲಿನ ನಾಣ್ಯ ರಿಂಗಿಟ್ ನೆಲಕಚ್ಚಿದ ವರ್ಷ ಅದು. ಹೊಸ ಟೈರಿನ ಬೆಲೆ ಕೇಳಿದವರು ಬಂದ ದಾರಿಗೆ ಸುಂಕವಿಲ್ಲ ಎಂದು ತಿರುಗಿ ಹೋಗುತ್ತಿದ್ದರು. ಅಂಥ ಹೊತ್ತಿನಲ್ಲಿ ಎಡ್ವರ್ಡ್ ಕ್ಲಾಂಗ್ ಕಡೆ ಒಂದು ಹಾಫ್‌ಕಟ್ ಅಂಗಡಿಯನ್ನು ಕಂಡುಹಿಡಿದ. ಜಪಾನಿನ ಹಳೆಯ ಕಾರುಗಳನ್ನು ನಡುವೆ ಕೊಯ್ದು, ಹಡಗಿನಲ್ಲಿ ತಂದು, ಎಂಜಿನ್ನು, ಬಾಗಿಲು, ಚಕ್ರ ಎಂದು ಬಿಡಿಬಿಡಿಯಾಗಿ ಮಾರುವ ಅಂಗಡಿ. ಅಲ್ಲಿ ತಗಡಿನ ಮಾಡಿನ ಕೆಳಗೆ ಅಲಾಯ್ ರಿಮ್ಮಿನ ಸಮೇತ ಟೈರುಗಳ ರಾಶಿ ಬಿದ್ದಿತ್ತು. ನೋಡಿದರೆ ಹೊಸದರ ಹಾಗೇ ಇದ್ದವು. ಬೆರಳು ಹುಗಿಯುವಷ್ಟು ಆಳದ ಕಚ್ಚು, ಕಚ್ಚಿನ ನಡುವಿನ ರಬ್ಬರಿನ ಮೇಲೆಲ್ಲ ಬ್ಲೇಡಿನಿಂದ ಗೀರಿದಂಥ ಸಣ್ಣ ಸಣ್ಣ ಸೀಳುಗಳು. ಉಗುರು ಊರಿದರೆ ಗುರುತು ಬೀಳುವಷ್ಟು ಮೆತ್ತಗಿನ ರಬ್ಬರು. ಬದಿಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಸ್ನೋ ಎಂದು ಅಚ್ಚೊತ್ತಿತ್ತು.

ಜಪಾನಿನ ಉತ್ತರದಲ್ಲಿ ಚಳಿಗಾಲಕ್ಕೆಂದೇ ಬೇರೆ ಚಕ್ರ ಹಾಕುತ್ತಾರೆ, ಹಿಮ ಕರಗಿದ ಮೇಲೆ ಬಿಚ್ಚಿ ಇಡುತ್ತಾರೆ, ಅದಕ್ಕೇ ಸವೆದಿಲ್ಲ ಎಂದು ಅಂಗಡಿಯವನು ಹೇಳಿದ. ಅಷ್ಟು ಸಾಕಾಯಿತು. ಎಡ್ವರ್ಡ್ ಹಿಮವನ್ನು ಕಂಡದ್ದು ಫ್ರೀಜರಿನ ಗೋಡೆಯ ಮೇಲೆ ಮಾತ್ರ. ಆದರೆ ಮಳೆ ಅವನಿಗೆ ಗೊತ್ತಿತ್ತು. ಕರಾವಳಿಯಲ್ಲಿ ಹುಟ್ಟಿದವನು, ಬದುಕುತ್ತಿರುವುದೂ ದಿನಾ ಸಂಜೆ ಸುರಿಯುವ ಊರಿನಲ್ಲಿ. ಹಿಮ ಮಳೆಗಿಂತ ಹೆಚ್ಚು ಜಾರುತ್ತದೆ ಎಂದು ಯಾರೋ ಹೇಳಿದ್ದೂ ಕೇಳಿದ್ದ. ಎರಡನ್ನೂ ಕೂಡಿಸಿ ಒಂದು ಲೆಕ್ಕ ಮಾಡಿದ. ಆ ಲೆಕ್ಕ ಹಿಮ ಕಂಡವರು ಮಾಡುವಂಥದಲ್ಲ, ಮಳೆ ಕಾಣದವರು ಮಾಡುವಂಥದೂ ಅಲ್ಲ. ತನ್ನ ಕಾರಿಗೆ ನಾಲ್ಕೂ ಚಕ್ರ ಹಾಕಿಸಿಕೊಂಡು ಬಂದು, ಭಾನುವಾರದ ಊಟಕ್ಕೆ ಬಂದಿದ್ದವರ ಮುಂದೆ ಅದನ್ನು ಘೋಷಿಸಿದ.

"ಹಿಮದಲ್ಲೇ ಜಾರದ ಟೈರಿಗೆ ಮಳೆ ಎಂತ ಲೆಕ್ಕ ಮಾರಾಯ್ರೆ?"

ಕೇಳಿದವರೆಲ್ಲ ತಲೆದೂಗಿದರು. ಓದಿದವರೇ ಎಲ್ಲ. ಜಯಕರ ನಿಲಾಯ್‌ನ ವೈದ್ಯಕೀಯ ಕಾಲೇಜಿನಲ್ಲಿ ಶರೀರಶಾಸ್ತ್ರ ಕಲಿಸುತ್ತಿದ್ದ ಉಡುಪಿಯ ಡಾಕ್ಟರು. ಅನಂತಕೃಷ್ಣ ಅದೇ ಕಾಲೇಜಿನಲ್ಲಿ ಅವನ ಸಹೋದ್ಯೋಗಿ. ಒಂದು ಪ್ರಶ್ನೆ ಎತ್ತಿದವಳು ಜಯಕರನ ಹೆಂಡತಿ ವಾರಿಜಾಕ್ಷಿ ಒಬ್ಬಳೇ. ಹಿಮ ಇರುವಲ್ಲಿ ಸೆಖೆ ಇರುವುದಿಲ್ಲವಲ್ಲ, ಈ ಸುಡುವ ಡಾಂಬರಿಗೆ ಅದು ಆಗಿ ಬರುತ್ತದಾ ಎಂದು ಕೇಳಿದಳು. ಎಡ್ವರ್ಡ್ ಮೀನಿನ ಮುಳ್ಳು ಬಿಡಿಸುತ್ತಾ, ಅಕ್ಕ, ನೀವು ರಬ್ಬರಿನ ಚಿಂತೆ ಬಿಡಿ, ರಬ್ಬರು ಹುಟ್ಟಿದ್ದೇ ಈ ದೇಶದ ಸೆಖೆಯಲ್ಲಿ ಎಂದ. ಎಲ್ಲರೂ ನಕ್ಕರು. ಜಯಕರ ಎಲ್ಲರಿಗಿಂತ ಜೋರಾಗಿ ನಕ್ಕ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನ ಎದುರು ನಾಲ್ಕನೆಯ ಕಾಲನ್ನು ತೋರಿಸಿದವರಿಗೆ ಸಿಗುವುದು ಇಂಥ ನಗುವೇ.

ಮುಂದಿನ ಶನಿವಾರ ಜಯಕರನ ಕಾರು ಜ್ಯಾಕಿನ ಮೇಲೆ ಏರಿತು. ಎಡ್ವರ್ಡ್ ಪಕ್ಕದಲ್ಲೇ ನಿಂತು ರಾಶಿಯಿಂದ ಒಂದೊಂದೇ ಚಕ್ರ ಉರುಳಿಸಿ ತೆಗೆಸಿ, ಬಿರುಕಿದೆಯೇ ಎಂದು ಬೆರಳಾಡಿಸಿ ನೋಡಿ ಆರಿಸಿದ. ಬ್ಯಾಲೆನ್ಸ್ ಮಾಡುವ ಯಂತ್ರದ ಮೇಲೆ ತಿರುಗಿಸಿ ನೋಡಿಸಿದ, ರಿಮ್ಮಿನ ಅಂಚಿಗೆ ಸೀಸದ ತುಂಡು ಹೊಡೆಸಿದ, ನಟ್ಟುಗಳನ್ನು ಎದುರುಬದುರಾಗಿ ಬಿಗಿಸಿದ. ಗಾಳಿ ಎಷ್ಟಿರಬೇಕೆಂದೂ ಅವನೇ ಹೇಳಿದ. ತನ್ನ ಸ್ವಂತ ಕಾರಿಗೂ ಅಷ್ಟು ಶ್ರದ್ಧೆಯಿಂದ ಮಾಡಿಸಿರಲಿಲ್ಲ. ಮನೆಗೆ ಬಂದ ಮೇಲೆ ವಾರಿಜಾಕ್ಷಿ ಚಕ್ರಗಳಿಗೆ ಕುಂಕುಮ ಹಚ್ಚಿ ನಿಂಬೆಹಣ್ಣು ಇಟ್ಟಳು. ಕಾರು ಹಣ್ಣುಗಳನ್ನು ಅಪ್ಪಚ್ಚಿ ಮಾಡಿ ಮುಂದೆ ಹೋದಾಗ ಅವರ ಮಗಳು, ಏಳು ವರ್ಷದ ಸಮೀಕ್ಷಾ, ಚಪ್ಪಾಳೆ ತಟ್ಟಿದಳು. ಸ್ವಲ್ಪ ದಿನದಲ್ಲೇ ಅನಂತಕೃಷ್ಣನೂ ಹಾಕಿಸಿಕೊಂಡ. ಒಟ್ಟು ಮೂರು ಕಾರುಗಳು ಹಿಮದೂರಿನ ಚಕ್ರದ ಮೇಲೆ ಓಡಾಡತೊಡಗಿದವು.

ಮೊದಲು ಸಂಶಯ ಬಂದದ್ದು ಎಡ್ವರ್ಡನಿಗೇ. ಬಿಸಿಲೇರಿದಾಗ ತಿರುವಿನಲ್ಲಿ ಕಾರು ಮೈ ಬಿಟ್ಟ ಹಾಗೆ ತೂಗುತ್ತಿತ್ತು. ಸ್ಟಿಯರಿಂಗ್ ತಿರುಗಿಸಿದ ಮೇಲೆ ಒಂದು ಗಳಿಗೆ ತಡೆದು ಚಕ್ರ ಮಾತು ಕೇಳುತ್ತಿತ್ತು. ಕಣ್ಣೆದುರೇ ಕಚ್ಚು ಸವೆಯುತ್ತಿತ್ತು. ಅದನ್ನೆಲ್ಲ ಅವನು ರಸ್ತೆಯ ತಲೆಗೆ ಕಟ್ಟಿದ. ಆಮೇಲೆ ಒಂದು ಸಂಜೆ ಪುಚೊಂಗ್‌ನ ಸಿಗ್ನಲ್ಲಿನಲ್ಲಿ, ಆಗಷ್ಟೇ ಹನಿಯೊಡೆದಿದ್ದ ಬಿಸಿ ಡಾಂಬರಿನ ಮೇಲೆ, ಮುಂದೆ ನಿಂತ ಬಸ್ಸನ್ನು ನೋಡಿ ಬ್ರೇಕ್ ಒತ್ತಿದ. ಕಾರು ನಿಲ್ಲಲಿಲ್ಲ. ಎಣ್ಣೆ ಸವರಿದ ಬಾಣಲೆಯಲ್ಲಿ ದೋಸೆ ಜಾರಿದ ಹಾಗೆ ಜಾರಿತು. ಸ್ಟಿಯರಿಂಗ್ ಎಳೆದು ರಸ್ತೆ ಬದಿಯ ಹುಲ್ಲಿಗೆ ನುಗ್ಗಿಸಿದ್ದರಿಂದ ಬಚಾವಾದ. ಬಸ್ಸಿನ ಹಿಂಬದಿಯ ಗಾಜಿನಾಚೆ ಕೂತಿದ್ದ ಒಬ್ಬ ಹೆಂಗಸು ಅವನನ್ನೇ ದಿಟ್ಟಿಸುತ್ತಿದ್ದಳು.

ಮರುದಿನವೇ ಆಫೀಸಿಗೆ ರಜೆ ಹಾಕಿ ನಾಲ್ಕು ಸಾದಾ ಟೈರು ಹಾಕಿಸಿಕೊಂಡ. ಹೆಂಡತಿ ಜೇನ್ ಕೇಳಿದ್ದಕ್ಕೆ ರಿಮ್ಮು ಬೆಂಡಾಗಿತ್ತು ಎಂದ. ಭಾನುವಾರ ಜಯಕರ ಬಂದವನು ಕಾರಿನ ಸುತ್ತ ನಡೆದು, ಇದೆಂತದು, ಹಿಮದ ಚಕ್ರ ಎಲ್ಲಿ ಹೋಯಿತು ಎಂದು ಕೇಳಿದ. ಅದೇ ರಿಮ್ಮಿನ ಕತೆಯನ್ನು ಅವನಿಗೂ ಹೇಳಿದ. ಹೇಳುವಾಗ ಜಯಕರನ ಮುಖ ನೋಡದೆ, ಬಟ್ಟೆಯಿಂದ ಗಾಜು ಒರೆಸುತ್ತಾ ಹೇಳಿದ.

ಸತ್ಯ ಹೇಳಲು ಅವನಿಗೆ ಆಗಲಿಲ್ಲ ಎಂದಲ್ಲ, ನಾಲಿಗೆ ಇದ್ದೇ ಇತ್ತು. ಆದರೆ ಅನಂತಕೃಷ್ಣ ಹಾಕಿಸಿ ಹೆಚ್ಚು ದಿನ ಆಗಿರಲಿಲ್ಲ; ಈಗ ತೆಗೆಯಿರಿ ಎಂದರೆ ಮುಖ ಎಲ್ಲಿಡುವುದು? ಮುಂದಿನ ಭಾನುವಾರ ಹೇಳಿದರಾಯಿತು, ತಮಾಷೆ ಮಾಡುತ್ತಾ ಹೇಳಿದರಾಯಿತು ಎಂದುಕೊಂಡ. ಜಯಕರ ಹೇಗೂ ಎತ್ತಿನಗಾಡಿಯ ಹಾಗೆ ಓಡಿಸುವವನು, ಅವನಿಗೇನೂ ಆಗುವುದಿಲ್ಲ ಎಂದು ತನಗೆ ತಾನೇ ಜಾಮೀನು ಕೊಟ್ಟುಕೊಂಡ. ಭಾನುವಾರಗಳು ಬಂದವು, ಹೋದವು. ಬಿಸಿ ತುಪ್ಪ ಬಾಯಲ್ಲೇ ಉಳಿಯಿತು.

ನವೆಂಬರಿನಲ್ಲಿ ಸಮೀಕ್ಷಾಳ ಶಾಲೆಯ ವಾರ್ಷಿಕೋತ್ಸವ ಇತ್ತು. ಅವಳು ಚಿಟ್ಟೆಯ ವೇಷ ಹಾಕಿಕೊಂಡು ಮಧ್ಯಾಹ್ನದಿಂದ ಅಪ್ಪನಿಗಾಗಿ ಕಾಯುತ್ತಿದ್ದಳು. ವಾರಿಜಾಕ್ಷಿ ಕಾಲೇಜಿಗೆ ಫೋನು ಮಾಡಿ, ಒಮ್ಮೆಯಾದರೂ ಹೊತ್ತಿಗೆ ಸರಿಯಾಗಿ ಬನ್ನಿ ಎಂದು ಸ್ವಲ್ಪ ಸಿಟ್ಟಿನಲ್ಲೇ ಹೇಳಿದಳು. ಜಯಕರ ಹೊರಟ. ಹೆದ್ದಾರಿಯಲ್ಲಿ ಮಳೆ ಹಿಡಿಯಿತು. ಮುಂದಿದ್ದ ಮರ ಹೇರಿದ ಲಾರಿ ಬ್ರೇಕ್ ಹಾಕಿತು, ಜಯಕರನೂ ಹಾಕಿದ. ಲಾರಿ ನಿಂತಿತು. ಅವನ ಕಾರು ಲಾರಿಯ ಕೆಳಗೆ ಹೋಗಿ ನಿಂತಿತು.

ಗುರುತು ಹಿಡಿಯಲು ಹೋದವನು ಎಡ್ವರ್ಡ್. ಆಸ್ಪತ್ರೆಯ ಕಾಗದಗಳಿಗೆ ಓಡಾಡಿದವನು, ಚಿತಾಗಾರ ಗೊತ್ತು ಮಾಡಿದವನು, ರಾಯಭಾರ ಕಚೇರಿಯಲ್ಲಿ ಸಾಲು ನಿಂತವನು, ವಾರಿಜಾಕ್ಷಿಗೂ ಮಗುವಿಗೂ ಊರಿನ ವಿಮಾನಕ್ಕೆ ಟಿಕೆಟು ಮಾಡಿಸಿದವನು ಎಲ್ಲ ಅವನೇ. ಸ್ವಂತ ಅಣ್ಣನೂ ಇಷ್ಟು ಮಾಡುತ್ತಿರಲಿಲ್ಲ ಎಂದು ಜನ ಹೊಗಳಿದರು. ಬದುಕಿನಲ್ಲಿ ಮೊದಲ ಸಲ ಹೊಗಳಿಕೆ ಕೇಳಿ ಅವನು ಅಲ್ಲಿಂದ ಎದ್ದು ಹೋದ. ಪೊಲೀಸರ ಅಂಗಳದಲ್ಲಿ ಜಜ್ಜಿಹೋದ ಕಾರನ್ನು ಅವನು ನೋಡಿದ್ದ. ಮುಂಭಾಗ ಇರಲೇ ಇಲ್ಲ. ಹಿಂದಿನ ಎರಡು ಚಕ್ರಗಳ ರಿಮ್ಮುಗಳು ಮಾತ್ರ ಅವನು ಆರಿಸಿದ ದಿನ ಇದ್ದಂತೆ ಹೊಳೆಯುತ್ತಿದ್ದವು.

ಅತಿವೇಗ ಎಂದು ಪೊಲೀಸರು ಹೇಳಿದರು. ಜನ ನಂಬಿದರು. ನಂಬದೆ ಏನು ಮಾಡುತ್ತಾರೆ? ಹೆಂಡತಿ ಫೋನು ಮಾಡಿದಳು, ಗಂಡ ಅವಸರದಲ್ಲಿ ಹೊರಟ, ಸತ್ತ. ಇಷ್ಟು ನೇರವಾದ ಕತೆ ಕೈಗೆ ಸಿಕ್ಕಾಗ ಬೇರೆಯದನ್ನು ಹುಡುಕುವವರು ಯಾರು? ಉಡುಪಿಯಿಂದ ಜಯಕರನ ತಾಯಿ ಹೊನ್ನಮ್ಮ ಫೋನಿನಲ್ಲಿ ಅದನ್ನೇ ಹೇಳಿದರು. ನಿನ್ನ ಅವಸರಕ್ಕೆ ನನ್ನ ಮಗನನ್ನು ಬಲಿ ಕೊಟ್ಟೆ ಎಂದರು. ವಾರಿಜಾಕ್ಷಿ ರಿಸೀವರ್ ಕಿವಿಗೆ ಹಿಡಿದು ಹೌದು ಅತ್ತೆ, ಹೌದು ಅತ್ತೆ ಎನ್ನುತ್ತಿದ್ದುದನ್ನು ಎಡ್ವರ್ಡ್ ಬಾಗಿಲಲ್ಲಿ ನಿಂತು ಕೇಳಿದ. ಅವಳು ಅಳುತ್ತಿರಲಿಲ್ಲ. ಸಾವಿನ ದಿನದಿಂದಲೂ ಅತ್ತಿರಲಿಲ್ಲ. ಅಳುವ ಹಕ್ಕು ತನಗಿಲ್ಲ ಎಂದುಕೊಂಡವಳ ಹಾಗೆ ಒಣ ಕಣ್ಣಿನಲ್ಲಿ ಮನೆಯ ಪಾತ್ರೆಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದಳು. ಅವಳು ಹೋಗಿ ಬದುಕಬೇಕಾದದ್ದು ಆ ಅತ್ತೆಯ ಮನೆಯಲ್ಲೇ. ತವರಿನಲ್ಲಿ ಯಾರೂ ಉಳಿದಿರಲಿಲ್ಲ. ಒಂದು ಮಾತು ಹೇಳಿದರೆ ಆ ಹೆಂಗಸಿನ ತಲೆಯ ಮೇಲಿನ ಹೊರೆ ಇಳಿಯುತ್ತದೆ ಎಂದು ಎಡ್ವರ್ಡನಿಗೆ ಗೊತ್ತಿತ್ತು. ಅದು ಇಳಿದು ಎಲ್ಲಿಗೆ ಬರುತ್ತದೆ ಎಂಬುದೂ ಗೊತ್ತಿತ್ತು.

ಹೊರಡುವ ದಿನ ಮಧ್ಯಾಹ್ನ ಎಲ್ಲರೂ ಅವಳ ಮನೆಯಲ್ಲಿ ಸೇರಿದರು. ಜೇನ್ ಅನ್ನ ಸಾರು ಮಾಡಿ ತಂದಿದ್ದಳು. ಯಾರೂ ಸರಿಯಾಗಿ ಉಣ್ಣಲಿಲ್ಲ. ವಿಮಾನ ನಿಲ್ದಾಣಕ್ಕೆ ಹೋಗುವುದು ಅದೇ ಹೆದ್ದಾರಿಯಲ್ಲಿ. ತಾಯಿ ಮಗಳನ್ನು ತಾನು ಕರೆದುಕೊಂಡು ಹೋಗುತ್ತೇನೆಂದು ಎಡ್ವರ್ಡ್ ಮೊದಲೇ ಹೇಳಿದ್ದ. ಆದರೆ ಅನಂತಕೃಷ್ಣ ಬೆಳಿಗ್ಗೆಯೇ ಬಂದು ತನ್ನ ಕಾರಿನ ಡಿಕ್ಕಿಗೆ ಪೆಟ್ಟಿಗೆಗಳನ್ನೆಲ್ಲ ತುಂಬಿಬಿಟ್ಟಿದ್ದ. ನಿಮ್ಮದು ಸಣ್ಣ ಕಾರು, ಇಷ್ಟು ದಿನ ನೀವೇ ಓಡಾಡಿದ್ದೀರಿ, ಇವತ್ತಾದರೂ ನಮಗೆ ಬಿಡಿ ಎಂದ. ಎಡ್ವರ್ಡ್ ಮತ್ತೆ ಹೇಳಿದ. ಮೂರನೆಯ ಸಲ ಹೇಳಿದಾಗ ಅನಂತಕೃಷ್ಣನ ಮುಖದಲ್ಲಿ ಕಿರಿಕಿರಿ ಕಂಡಿತು. ಜೇನ್ ಕೂಡ ಗಂಡನ ತೋಳು ಮುಟ್ಟಿ, ಎಲ್ಲದಕ್ಕೂ ನೀವೇ ಮುಂದೆ ಬೀಳಬೇಡಿ ಎಂದು ಪಿಸುಗುಟ್ಟಿದಳು.

ನಿಲಾಯ್ ಕಡೆ ಆಕಾಶ ಕಪ್ಪಾಗಿತ್ತು. ಎಡ್ವರ್ಡ್ ಅಂಗಳಕ್ಕೆ ಬಂದ. ಅನಂತಕೃಷ್ಣನ ಕಾರು ಗೇಟಿನ ಹೊರಗೆ ಬಿಸಿಲಲ್ಲಿ ನಿಂತಿತ್ತು. ಬಗ್ಗಿ ಮುಂದಿನ ಟೈರನ್ನು ಮುಟ್ಟಿದ. ಬಿಸಿಗೆ ರಬ್ಬರು ಹಲಸಿನ ಮೇಣದ ಹಾಗೆ ಮೆತ್ತಗಾಗಿತ್ತು. ಕಚ್ಚು ಅರ್ಧಕ್ಕೂ ಕೆಳಗೆ ಸವೆದಿತ್ತು. ಒಳಗೆ ಹೋಗಿ ಒಂದು ಮಾತು ಹೇಳಿದರೆ ಮುಗಿಯಿತು. ಬಾಗಿಲಿನವರೆಗೆ ಹೋದ. ಒಳಗಿನವರೆಲ್ಲ ಅವನ ಕಡೆ ನೋಡಿದರು, ಕೃತಜ್ಞತೆಯಿಂದ ನೋಡಿದರು. ಅವನು ವಾಪಸು ಬಂದ.

ಹೇಡಿಗೂ ಬುದ್ಧಿ ಓಡುತ್ತದೆ, ಅಡ್ಡದಾರಿಯಲ್ಲಿ ಓಡುತ್ತದೆ ಅಷ್ಟೆ. ಎಡ್ವರ್ಡ್ ಆ ಕಾರಿನ ಆಚೆ ಬದಿಗೆ ಹೋಗಿ ಮೊಣಕಾಲೂರಿ ಕೂತ. ಹಿಂದಿನ ಚಕ್ರದ ವಾಲ್ವಿನ ಮುಚ್ಚಳ ತಿರುಗಿಸಿ ತೆಗೆದು, ಕೀಲಿಕೈಯ ತುದಿಯಿಂದ ಒತ್ತಿ ಹಿಡಿದ. ಗಾಳಿ ಬುಸುಗುಟ್ಟುತ್ತಾ ಹೊರಟಿತು. ಒಂದನ್ನೇ ಬಿಟ್ಟರೆ ಸ್ಟೆಪ್ನಿ ಹಾಕುತ್ತಾರೆ; ಎರಡನ್ನು ಬಿಡಬೇಕು. ಆಗ ಬೇರೆ ದಾರಿಯಿಲ್ಲದೆ ಅವನ ಕಾರಿನಲ್ಲೇ ಹೋಗುತ್ತಾರೆ. ಯಾರೂ ಸಾಯುವುದಿಲ್ಲ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಮೊದಲನೆಯದು ನೆಲಕ್ಕೆ ಕೂತಿತು. ಮುಂದಿನದಕ್ಕೆ ಸರಿದು ಅದನ್ನೂ ಒತ್ತಿದ.

ತಲೆಯೆತ್ತಿದಾಗ ಎದುರು ವಾರಿಜಾಕ್ಷಿ ನಿಂತಿದ್ದಳು. ಕೈಯಲ್ಲಿ ಕೆಂಪು ಬಟ್ಟೆ ಕಟ್ಟಿದ ಅಸ್ಥಿಯ ಕುಡಿಕೆ ಇತ್ತು. ಪೆಟ್ಟಿಗೆಗಳ ಜೊತೆ ಅದನ್ನು ಇಡಬಾರದು, ಸೀಟಿನ ಮೇಲೆ ಇಡೋಣ ಎಂದು ತಾನೇ ಹೊತ್ತು ತಂದಿದ್ದಳು. ಅವಳು ಕೂಗಲಿಲ್ಲ. ನೆಲಕ್ಕೆ ಕೂತ ಚಕ್ರವನ್ನು ನೋಡಿದಳು, ಅವನ ಕೈಯ ಕೀಲಿಕೈಯನ್ನು ನೋಡಿದಳು. ಆಮೇಲೆ ರಸ್ತೆಯ ಆಚೆ ನಿಂತಿದ್ದ ಅವನ ಕಾರಿನ ಸಾದಾ ಚಕ್ರಗಳ ಕಡೆ ನೋಡಿದಳು. ಅಲ್ಲಿ ಬಹಳ ಹೊತ್ತು ನೋಡಿದಳು.

"ನೀವು ಬದಲಿಸಿದ್ದು ಅವರು ಹೋಗುವ ಮೊದಲೋ, ಆಮೇಲೋ?" ಎಂದು ಕೇಳಿದಳು.

ಗೊತ್ತಿಲ್ಲ ಎನ್ನದವನು ಎಡ್ವರ್ಡ್. ಆಗಲೂ ಹಾಗೆ ಹೇಳಲಿಲ್ಲ.

"ಮೊದಲು," ಎಂದ.

ಅವಳು ಕುಡಿಕೆಯನ್ನು ಎದೆಗೆ ಒತ್ತಿಕೊಂಡು ಕಾರಿಗೆ ಒರಗಿ ನಿಂತಳು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಎಡ್ವರ್ಡ್ ಕಾದ; ಹೊಡೆದರೆ ಒಳ್ಳೆಯದಿತ್ತು. ಅವಳು ಅವನನ್ನು ನೋಡುತ್ತಲೇ ಇರಲಿಲ್ಲ. ಹಾಗಾದರೆ ಅವರು ಜೋರಾಗಿ ಬಂದದ್ದಲ್ಲ, ಹಾಗಾದರೆ ನನ್ನ ಫೋನಿಗಲ್ಲ ಎಂದು ಕುಡಿಕೆಗೆ ಹೇಳುವವಳ ಹಾಗೆ ಮೆಲ್ಲಗೆ ಹೇಳಿಕೊಂಡಳು. ಆಮೇಲೆ ಅಳು ಬಂತು. ಅಷ್ಟು ದಿನ ತಡೆದು ನಿಂತಿದ್ದದ್ದೆಲ್ಲ ನಡುರಸ್ತೆಯಲ್ಲಿ, ನೆರೆಮನೆಯ ತಮಿಳರು ಬಾಗಿಲು ತೆರೆದು ನೋಡುತ್ತಿರುವಾಗಲೇ, ಬಂತು. ಗಂಡ ಸತ್ತದ್ದು ಅವಳಿಗೆ ಆವಾಗಲಷ್ಟೇ ಗೊತ್ತಾದ ಹಾಗಿತ್ತು.

ಒಳಗಿದ್ದವರು ಹೊರಗೆ ಓಡಿ ಬಂದರು. ಏನಾಯಿತು ಎಂದು ಅನಂತಕೃಷ್ಣ ಕೇಳಿದ. ವಾರಿಜಾಕ್ಷಿ ಸೆರಗಿನಿಂದ ಮುಖ ಒರೆಸಿಕೊಂಡು, ಎಡ್ವರ್ಡಣ್ಣ ಒಂದು ವಿಷಯ ಹೇಳಲಿಕ್ಕುಂಟು, ಎಲ್ಲರೂ ಒಳಗೆ ಬನ್ನಿ ಎಂದಳು. ಜೇನ್ ಗಂಡನ ಮುಖ ನೋಡಿದಳು. ಅವನ ಮೊಣಕಾಲಿಗೆ ಮಣ್ಣು ಮೆತ್ತಿತ್ತು.

ಹೇಳುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಖಾಲಿಯಾದ ಪಡಸಾಲೆಯ ನಡುವೆ ನಿಂತು ಬಸ್ಸಿನದ್ದು, ಬದಲಿಸಿದ್ದು, ರಿಮ್ಮಿನ ಸುಳ್ಳು, ಎಲ್ಲ ಹೇಳಿದ. ಜೇನ್ ಸೆರಗು ಬಾಯಿಗೊತ್ತಿ ಕುಳಿತಳು. ಅನಂತಕೃಷ್ಣ ಎದ್ದು ಹೊರಗೆ ಹೋದ. ತನ್ನ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಎಲ್ಲೆಲ್ಲಿಗೆ ಹೋಗಿ ಬಂದಿದ್ದೇನೆಂದು ಅವನು ನೆನೆಸಿಕೊಳ್ಳುತ್ತಿರಬೇಕು. ವಾಪಸು ಬಂದವನು ಎಡ್ವರ್ಡನ ಕಡೆ ತಿರುಗದೆ ಟ್ಯಾಕ್ಸಿಗೆ ಫೋನು ಮಾಡುತ್ತೇನೆ ಎಂದ.

"ಟ್ಯಾಕ್ಸಿ ಆಮೇಲೆ," ಎಂದಳು ವಾರಿಜಾಕ್ಷಿ. "ಮೊದಲು ಊರಿಗೆ ಮಾಡಬೇಕು. ಅತ್ತೆಗೆ ನಾನು ಹೇಳಿದರೆ ನಂಬುವುದಿಲ್ಲ. ನನ್ನ ತಪ್ಪು ಮುಚ್ಚಲಿಕ್ಕೆ ಕತೆ ಕಟ್ತಾಳೆ ಅಂತಾರೆ. ಎಡ್ವರ್ಡಣ್ಣ ಹೇಳಿದ ಮಾತು ಅಂದ್ರೆ ನಮ್ಮ ಮನೆಯಲ್ಲಿ ಎಲ್ಲರೂ ನಂಬ್ತಾರೆ."

ಅವಳೇ ಉದ್ದದ ನಂಬರು ತಿರುಗಿಸಿದಳು. ಆಚೆ ರಿಂಗಾಗುವುದು ಕೇಳಿದ ಕೂಡಲೇ ರಿಸೀವರನ್ನು ಅವನ ಕೈಗೆ ಕೊಟ್ಟು, ಕುಡಿಕೆಯನ್ನು ಮಡಿಲಲ್ಲಿಟ್ಟುಕೊಂಡು ಎದುರಿನ ಪೆಟ್ಟಿಗೆಯ ಮೇಲೆ ಕುಳಿತಳು. ಸಮೀಕ್ಷಾ ಬಂದು ಅಮ್ಮನ ಭುಜಕ್ಕೆ ಒರಗಿಕೊಂಡಳು.

ಹೊನ್ನಮ್ಮನೇ ಎತ್ತಿದರು. ಎಡ್ವರ್ಡ್ ಹೆಸರು ಹೇಳಿದ. ಮುದುಕಿಯ ದನಿ ತಟ್ಟನೆ ಮೆತ್ತಗಾಯಿತು. ತುಳುವಿನಲ್ಲಿ, ಮಗನ ಜೊತೆ ಮಾತಾಡಿದ ಹಾಗೆಯೇ ಮಾತಾಡಿದರು. ಜಯಕರ ಪ್ರತಿ ಕಾಗದದಲ್ಲಿಯೂ ನಿನ್ನ ಹೆಸರು ಬರೆಯುತ್ತಿದ್ದ, ಇಲ್ಲಿ ಅಣ್ಣ ಒಬ್ಬ ಇದ್ದಾನೆ, ಹೆದರಬೇಡಮ್ಮ ಎನ್ನುತ್ತಿದ್ದ, ನೀನಿದ್ದದ್ದಕ್ಕೆ ನನ್ನ ಮಗನ ಹೆಣವಾದರೂ ಅನಾಥವಾಗಲಿಲ್ಲ, ನಿನ್ನ ಋಣ ಯಾವ ಜನ್ಮದಲ್ಲಿ ತೀರಿಸಲಿ ಎಂದರು. ಅಳುತ್ತಾ ಹೇಳಿದರು, ನಿಲ್ಲಿಸದೆ ಹೇಳಿದರು. ಅವನು ರಿಸೀವರ್ ಹಿಡಿದು ನಿಂತಿದ್ದ. ವಾರಿಜಾಕ್ಷಿ ಅವನ ಬಾಯಿಯನ್ನೇ ನೋಡುತ್ತಿದ್ದಳು.

ಕೊನೆಗೆ ಮುದುಕಿ ಉಸಿರು ತೆಗೆದುಕೊಳ್ಳಲು ನಿಲ್ಲಿಸಿ, ಹೇಳು ಮಗ, ಎಂತಕ್ಕೆ ಫೋನು ಮಾಡಿದ್ದು ಎಂದು ಕೇಳಿದರು.

"ಅಮ್ಮ," ಎಂದ ಎಡ್ವರ್ಡ್, "ಜಯಕರನನ್ನು ಕೊಂದದ್ದು ನಿಮ್ಮ ಸೊಸೆ ಅಲ್ಲ."